ಪಿಕಾಸಿಯ ಮುರಿದ ಕಾವು

ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಲ್ಲಿ ಹೋಗಿ ಬರುವವನು ನಾನು. ರಾತ್ರಿ ಮನೆ ಸೇರುವ ಹೊತ್ತಿಗೆ ಮಾತಾಡಲೂ ಬೇಜಾರು. ಈ ಸಲ ಮೇ ತಿಂಗಳಲ್ಲಿ ಅಕ್ಕ ಮುಳಬಾಗಿಲಿನಿಂದ ಮಗಳನ್ನು ಕರೆದುಕೊಂಡು ರಜೆಗೆ ಬಂದಿದ್ದಳು. ಮಗಳು, ಅಂದರೆ ನನ್ನ ಸೊಸೆ, ಈಗ ಒಂಬತ್ತನೇ ಕ್ಲಾಸು. ಬಂದ ಮೊದಲ ರಾತ್ರಿಯೇ ನನ್ನ ಮುಂದೆ ನಿಂತು, "ಮಾಮ, ಫೋನಾದ್ರೂ ಕೊಡು, ಕಥೆಯಾದ್ರೂ ಹೇಳು" ಅಂದಳು. ಫೋನ್ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಕಥೆ ಹೇಳಲು ಒಪ್ಪಿಕೊಂಡೆ. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಎಲ್ಲರೂ ಚಾಪೆ ಹಿಡಿದು ಮಹಡಿ ಹತ್ತಿದೆವು.

ನನಗೆ ಪೂರ್ತಿ ಗೊತ್ತಿರುವ ಸಾಹಸದ ಕಥೆ ಅಂದರೆ ಒಂದೇ. ಏಳನೇ ಕ್ಲಾಸಲ್ಲಿದ್ದಾಗ ಲೈಬ್ರರಿಯಲ್ಲಿ ಸಿಕ್ಕಿದ್ದು. ಕನ್ನಡಕ್ಕೆ ಇಳಿಸಿದ ತೆಳ್ಳನೆ ಪುಸ್ತಕ. ರಟ್ಟು ಕಿತ್ತು ಹೋಗಿತ್ತು, ಮೊದಲ ನಾಲ್ಕು ಪುಟಗಳೂ ಇರಲಿಲ್ಲ. ಹಾಗಾಗಿ ಬರೆದವರು ಯಾರು, ಹೆಸರೇನು ಒಂದೂ ಗೊತ್ತಿಲ್ಲದೆ ಮೂರು ಸಲ ಓದಿದ್ದೆ. ಅದು ರಾಬರ್ಟ್ ಲೂಯಿ ಸ್ಟೀವನ್ಸನ್ ಅವರ 'ಟ್ರೆಷರ್ ಐಲೆಂಡ್' ಅಂತ ತಿಳಿದಿದ್ದು ಕಾಲೇಜಿಗೆ ಬಂದ ಮೇಲೆ. ಈಗ ಅದರ ಇಂಗ್ಲಿಷ್ ಮೂಲ ನನ್ನ ಫೋನಿನಲ್ಲಿದೆ. ಒಟ್ಟು 34 ಅಧ್ಯಾಯ. ರಾತ್ರಿಗೆ ಎರಡರಂತೆ ಓದಿಕೊಂಡು, ಅಲ್ಲಲ್ಲೇ ಕನ್ನಡ ಮಾಡಿಕೊಂಡು ಹೇಳಿದರೆ ರಜೆಗೆ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿದೆ.

ಈ ಪುಸ್ತಕದ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿತ್ತು. ಕಥೆ ಹೇಳುವ ಹುಡುಗ ಜಿಮ್ ಹಾಕಿನ್ಸ್ ಹೀರೋ ಅಲ್ಲ, ಒಂಟಿಕಾಲಿನ ಅಡುಗೆಯವನು ಲಾಂಗ್ ಜಾನ್ ಸಿಲ್ವರ್ ಹೀರೋ ಅಂತ. ಮೂವತ್ತು ವರ್ಷದಿಂದ ಇದನ್ನು ನಾನೇ ಕಂಡುಹಿಡಿದವನ ಹಾಗೆ ರೈಲಿನಲ್ಲಿ, ಕಾಫಿ ಹೊತ್ತಿನಲ್ಲಿ ಹೇಳಿಕೊಂಡು ಬಂದಿದ್ದೇನೆ. ಓದಿದವರಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಹೇಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಇರಲಿ.

ಓದದವರಿಗೆ ಕಥೆ ಎರಡು ಮಾತಲ್ಲಿ. ಸಮುದ್ರದ ಪಕ್ಕ ಜಿಮ್‌ನ ಅಪ್ಪ-ಅಮ್ಮನ ಹೋಟೆಲು. ಅಲ್ಲಿ ತಂಗಿದ್ದ ಬಿಲ್ಲಿ ಬೋನ್ಸ್ ಎಂಬ ಮುದುಕ ಕಡಲುಗಳ್ಳ ಸಾಯುತ್ತಾನೆ. ಅವನ ಪೆಟ್ಟಿಗೆಯಲ್ಲಿ ಒಂದು ದ್ವೀಪದ ನಕ್ಷೆ ಸಿಗುತ್ತದೆ. ಕ್ಯಾಪ್ಟನ್ ಫ್ಲಿಂಟ್ ಎಂಬ ದೊಡ್ಡ ಕಡಲುಗಳ್ಳ ಹೂತಿಟ್ಟ ನಿಧಿಯ ನಕ್ಷೆ. ಊರ ಜಮೀನ್ದಾರ, ಊರ ಡಾಕ್ಟರು, ಜಿಮ್ ಸೇರಿ ಹಡಗು ಹತ್ತುತ್ತಾರೆ. ಹಡಗಿನ ಆಳುಗಳಲ್ಲಿ ಮುಕ್ಕಾಲುಪಾಲು ಜನ ಕಡಲುಗಳ್ಳರು, ಅವರಲ್ಲಿ ಹಲವರು ಫ್ಲಿಂಟ್‌ನ ಹಳೇ ಗ್ಯಾಂಗು. ಅವರ ನಾಯಕ ಸಿಲ್ವರ್. ಆಮೇಲೆ ಹೊಡೆದಾಟ, ಕೊಲೆ, ಮೋಸ.

ಮೊದಲ ರಾತ್ರಿ ಕೇಳಲು ಇದ್ದವರು ನಾಲ್ಕೇ ಜನ. ಸೊಸೆ, ಅಕ್ಕ, ಅಮ್ಮ, ಪಕ್ಕದ ಮನೆ ಹುಡುಗ. ಅವನ ಅಪ್ಪ ಕೆರೆ ಮೀನಿನ ಕೆಲಸದವರು. ಹುಡುಗನಿಗೆ ಹನ್ನೆರಡು ವರ್ಷ. ಐದನೆಯವರು ದೊಡ್ಡಪ್ಪ. ಅವರು ಕೇಳಲು ಬಂದವರಲ್ಲ. ಬೇಸಿಗೆಯಲ್ಲಿ ಅವರು ಮಲಗುವುದೇ ಮಹಡಿಯ ಮೇಲೆ. ಕೆಜಿಎಫ್ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು, ಆಗ ಅವರಿಗೆ ಐವತ್ತರ ಹತ್ತಿರ. ಮಂಚದ ಮೇಲೆ ಆ ಕಡೆ ಮುಖ ಮಾಡಿ ಮಲಗುತ್ತಿದ್ದರು. ನಿದ್ದೆ ಬಂದಿದೆ ಅಂತಲೇ ನಾವು ತಿಳಿದಿದ್ದೆವು.

ನಮ್ಮ ಕಡೆಯವರಿಗೆ ಸಮುದ್ರದ ಕಥೆ ಹೇಳುವುದು ಅಷ್ಟು ಸುಲಭ ಅಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆ ಕೂಡ ಇಲ್ಲದ ಜಿಲ್ಲೆ ನಮ್ಮದು. ನೀರು ಅಂದರೆ ಕೆರೆ, ಇಲ್ಲಾಂದ್ರೆ ಸಾವಿರ ಅಡಿ ಬೋರ್‌ವೆಲ್. 2018ರಲ್ಲಿ ಕೆಸಿ ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಜಾತ್ರೆಗೆ ಹೋದ ಹಾಗೆ ನೋಡಲು ಹೋಗಿದ್ದರು. ಅದು ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಬಿಟ್ಟಿದ್ದು, ಆದರೂ. ಅಂಥ ಊರಲ್ಲಿ ಕೂತು ಹಡಗು, ಲಂಗರು, ಹಾಯಿ ಅಂತ ಹೇಳಬೇಕು.

ಆ್ಯಪಲ್ ಪೀಪಾಯಿಯ ಹತ್ತಿರ ಮೊದಲ ಸಲ ಗಾಡಿ ನಿಂತಿತು. ಹಡಗಿನ ಮೇಲೆ ಆಳುಗಳು ತಿನ್ನಲಿ ಅಂತ ಒಂದು ಪೀಪಾಯಿ ತುಂಬ ಆ್ಯಪಲ್ ಇಟ್ಟಿರುತ್ತಾರೆ. ಜಿಮ್ ಕೊನೆಯ ಹಣ್ಣಿಗಾಗಿ ಒಳಗೆ ಇಳಿದು ಅಲ್ಲೇ ತೂಕಡಿಸುತ್ತಾನೆ. ಅಷ್ಟರಲ್ಲಿ ಸಿಲ್ವರ್ ಬಂದು ಪೀಪಾಯಿಗೇ ಒರಗಿ ಕೂತು, ಯಾರನ್ನು ಯಾವಾಗ ಮುಗಿಸಬೇಕು ಅಂತ ಮಾತಾಡುತ್ತಾನೆ. ಮೈ ಜುಂ ಅನ್ನುವ ಜಾಗ. ನಾನು ದನಿ ಇಳಿಸಿ ಹೇಳುತ್ತಿದ್ದರೆ ಪಕ್ಕದ ಮನೆ ಹುಡುಗ, "ಅಣ್ಣ, ಒಳಗೆ ಹೆಂಗೆ ಹಿಡಿಸ್ತಾನೆ?" ಅಂದ. ಅವನ ತಲೆಯಲ್ಲಿದ್ದದ್ದು ಟೊಮೆಟೊ ಬಾಕ್ಸು. ಕೋಲಾರದ ಮಂಡಿಯಲ್ಲಿ ಕಾಣುವ 15 ಕೆಜಿಯ ಪ್ಲಾಸ್ಟಿಕ್ ಬಾಕ್ಸು. ಅದರಲ್ಲಿ ಬೆಕ್ಕು ಕೂಡ ನೆಟ್ಟಗೆ ಕೂರುವುದಿಲ್ಲ. ಕೊನೆಗೆ ಮಹಡಿಯ ಮೂಲೆಯಲ್ಲಿ ನೀರು ತುಂಬಿಡುವ ನೀಲಿ ಡ್ರಮ್ ತೋರಿಸಿದೆ. ಹುಡುಗ ಎದ್ದು ಹೋಗಿ ಅದರೊಳಗೆ ಇಣುಕಿ ನೋಡಿ ಬಂದ. "ಹಿಡಿಸ್ತಾನೆ. ಆದ್ರೆ ಎದ್ದು ಬರೋದು ಕಷ್ಟ" ಅಂದ. ಆಮೇಲಿಂದ ಅದರ ಹೆಸರು ಜಿಮ್ ಡ್ರಮ್ ಆಗಿದೆ.

ಇದೇ ಹುಡುಗನಿಂದ ನಾನು ಒಂದು ಪೂರ್ತಿ ಅಧ್ಯಾಯವನ್ನು ಹೊಸದಾಗಿ ಓದಿದೆ. ದ್ವೀಪದಲ್ಲಿ ಒಬ್ಬಂಟಿಯಾಗಿ ಬಿದ್ದಿರುವ ಬೆನ್ ಗನ್ ಎಂಬುವನು ಮೇಕೆ ಚರ್ಮದಿಂದ ಒಂದು ಪುಟ್ಟ ಹರಿಗೋಲು ಮಾಡಿಕೊಂಡಿರುತ್ತಾನೆ. ಜಿಮ್ ಅದನ್ನು ಕದ್ದು ರಾತ್ರಿ ಸಮುದ್ರಕ್ಕೆ ಇಳಿಯುತ್ತಾನೆ. ಅದು ಎತ್ತ ಬೇಕಾದರೂ ಹೋಗುತ್ತದೆ, ನೆಟ್ಟಗೆ ಮಾತ್ರ ಹೋಗುವುದಿಲ್ಲ. ಗಿರ್ರನೆ ತಿರುಗುತ್ತದೆ. ನನಗೆ ಅದು ಯಾವಾಗಲೂ ಭಯದ ಪ್ರಸಂಗ. ಹುಡುಗ ಬಿದ್ದು ಬಿದ್ದು ನಕ್ಕ. "ಒಂದೇ ಕಡೆ ಹುಟ್ಟು ಹಾಕಿದ್ರೆ ತಿರುಗದೆ ಏನ್ಮಾಡ್ತದೆ? ಮುಂದಕ್ಕೆ ಚಾಚಿ ತನ್ನ ಕಡೆ ಎಳ್ಕೋಬೇಕು." ಅವನ ಅಪ್ಪ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕೂತು ಬಲೆ ಬಿಡುತ್ತಾರೆ. ದುಂಡಗಿರುವುದನ್ನು ನೀರಿನಲ್ಲಿ ನೆಟ್ಟಗೆ ಓಡಿಸುವ ಕಷ್ಟ ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಚಾಪೆಯ ಮೇಲೆ ಕೂತು ಕೈ ಬೀಸಿ ತೋರಿಸಿದ. ಮುಂದಿನ ಪುಟದಲ್ಲಿ ಜಿಮ್, ಅಲೆಗಳ ನಡುವಿನ ತಗ್ಗು ಹಿಡಿದು ಹರಿಗೋಲು ತನ್ನಷ್ಟಕ್ಕೇ ದಾರಿ ಮಾಡಿಕೊಳ್ಳುತ್ತದೆ ಅಂತ ಕಲಿಯುತ್ತಾನೆ. ಹುಡುಗ ತಲೆಯಾಡಿಸಿದ. "ಈಗ ಸರಿ. ಬರೆದೋರಿಗೆ ಗೊತ್ತು" ಅಂದ. ಸ್ಟೀವನ್ಸನ್ ಅವರ ಮನೆತನವೇ ದೀಪಸ್ತಂಭ ಕಟ್ಟುವ ಇಂಜಿನಿಯರುಗಳದ್ದು, ಅಪ್ಪ, ಅಜ್ಜ ಎಲ್ಲರೂ. ಸರ್ಟಿಫಿಕೇಟ್ ಮಾತ್ರ ನಮ್ಮೂರ ಕೆರೆಯಿಂದ ಸಿಕ್ಕಿತು.

ಅಕ್ಕನ ಅಭಿಪ್ರಾಯ ಬೇರೆಯೇ. ಅವಳಿಗೆ ಹಡಗು, ಕತ್ತಿ, ಸಿಲ್ವರ್ ಸಾಕಿದ ಗಿಳಿ ಯಾವುದೂ ಬೇಡ. ಅವಳು ಮೆಚ್ಚಿದ್ದು ಜಿಮ್‌ನ ಅಮ್ಮನನ್ನು. ಕಥೆಯಲ್ಲಿ ಮಾತಾಡುವ ಹೆಂಗಸು ಅಂದರೆ ಹೆಚ್ಚುಕಮ್ಮಿ ಇವಳೊಬ್ಬಳೇ. ಅದಕ್ಕೂ ಒಂದು ಕಾರಣ ಇದೆ. ಸ್ಟೀವನ್ಸನ್ ಈ ಕಥೆ ಶುರು ಮಾಡಿದ್ದು 1881ರಲ್ಲಿ, ಸ್ಕಾಟ್ಲೆಂಡಿನ ಬ್ರೇಮರ್ ಎಂಬಲ್ಲಿ. ಹೊರಗೆ ಬಿಡದ ಮಳೆ. ಹೆಂಡತಿಯ ಮೊದಲ ಮದುವೆಯ ಮಗ, ಹದಿಮೂರು ವರ್ಷದ ಲಾಯ್ಡ್, ಮನೆಯೊಳಗೆ ಬಣ್ಣ ಹಿಡಿದು ಕೂತಿದ್ದ. ಅವನ ಜೊತೆ ಒಂದು ದ್ವೀಪದ ನಕ್ಷೆ ಬಿಡಿಸುತ್ತಾ ಕಥೆ ಹುಟ್ಟಿತು. ಕಥೆಯಲ್ಲಿ ಹೆಂಗಸರು ಬೇಡ ಅನ್ನುವುದು ಆ ಹುಡುಗನ ಕಟ್ಟಪ್ಪಣೆ. ಇದನ್ನು ಹೇಳಿದರೆ ಅಕ್ಕ, "ಬೇಡ ಅಂದ್ರೂ ಒಬ್ಬಳು ನುಗ್ಗಿದಾಳಲ್ಲ, ಅವಳೇ ಗಟ್ಟಿ" ಅಂದಳು.

ಅವಳು ಹೇಳಿದ್ದು ನಿಜ. ಬಿಲ್ಲಿ ಬೋನ್ಸ್ ಸತ್ತು ಬಿದ್ದಿದ್ದಾನೆ. ಅವನ ಪೆಟ್ಟಿಗೆಗಾಗಿ ಕಡಲುಗಳ್ಳರು ಯಾವ ಗಳಿಗೆಯಲ್ಲಾದರೂ ಬರಬಹುದು. ಊರವರು ಒಬ್ಬರೂ ಜೊತೆಗೆ ಬರಲು ಒಪ್ಪುವುದಿಲ್ಲ. ತಾಯಿ-ಮಗ ಇಬ್ಬರೇ ವಾಪಸ್ ಹೋಟೆಲಿಗೆ ಬಂದು ಪೆಟ್ಟಿಗೆ ತೆಗೆಯುತ್ತಾರೆ. ಒಳಗೆ ಚೀಲದ ತುಂಬ ದುಡ್ಡು, ಎಲ್ಲ ದೇಶದ ನಾಣ್ಯ ಬೆರೆತುಕೊಂಡಿದೆ. ಆ ತಾಯಿ ಚೀಲವನ್ನು ಎತ್ತಿಕೊಂಡು ಓಡುವುದಿಲ್ಲ. ಕೂತು ಎಣಿಸುತ್ತಾಳೆ! ತನಗೆ ಬರಬೇಕಾದ ಬಾಕಿ ಎಷ್ಟೋ ಅಷ್ಟೇ ಬೇಕು, ಒಂದು ಕಾಸು ಜಾಸ್ತಿ ಬೇಡ, ಕಮ್ಮಿಯೂ ಆಗಬಾರದು. ಅವಳಿಗೆ ಲೆಕ್ಕ ಬರುವುದು ಇಂಗ್ಲೆಂಡಿನ ಗಿನಿ ನಾಣ್ಯದಲ್ಲಿ ಮಾತ್ರ. ಆ ಚೀಲದಲ್ಲಿ ಎಲ್ಲಕ್ಕಿಂತ ಕಮ್ಮಿ ಇರುವುದೂ ಅದೇ. ಹೊರಗೆ ಆ ಕಳ್ಳರಲ್ಲೊಬ್ಬ ಕುರುಡನ ಕೋಲು ಟಕ್ ಟಕ್ ಅಂತ ಬಾಗಿಲಿಗೆ ಬಡಿಯುತ್ತಿದೆ, ಇವಳು ಇನ್ನೂ ಎಣಿಸುತ್ತಿದ್ದಾಳೆ.

ನಾನು ಚಿಕ್ಕವನಿದ್ದಾಗ ಈ ಜಾಗದಲ್ಲಿ ಆ ತಾಯಿಯನ್ನು ಮನಸಾರೆ ಬೈದಿದ್ದೇನೆ. ಜೀವ ಹೋಗುವ ಹೊತ್ತಲ್ಲಿ ಏನಿದು ಅಂತ. ಅಕ್ಕ ತನ್ನ ಊರಲ್ಲಿ ಹೆಂಗಸರ ಸಂಘದ ಲೆಕ್ಕ ಬರೆಯುವವಳು. "ಬೈಬೇಡ. ಚೀಲ ಎತ್ಕೊಂಡು ಓಡಿದ್ರೆ ಅವಳೂ ಕಳ್ಳಿ ಆಗ್ತಿದ್ಲು. ಲೆಕ್ಕ ಮಾಡಿ ತಗೊಂಡ್ರೆ ಅದು ಬಾಕಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, "ಲೆಕ್ಕ ಮುಗೀತಾ ಆಮೇಲೆ?" ಮುಗಿಯಲಿಲ್ಲ. ಕಳ್ಳರು ಹತ್ತಿರ ಬಂದರು ಅಂತ ಅರ್ಧಕ್ಕೇ ಏಳುತ್ತಾಳೆ. ಬಾಕಿ ಉಳಿದ ಲೆಕ್ಕಕ್ಕೆ ಸರಿಹೋಗಲಿ ಅಂತ ಜಿಮ್ ಅಲ್ಲಿದ್ದ ಒಂದು ಮೇಣಬಟ್ಟೆಯ ಪೊಟ್ಟಣ ಎತ್ತಿಕೊಳ್ಳುತ್ತಾನೆ. ನಕ್ಷೆ ಇದ್ದದ್ದು ಅದರಲ್ಲೇ. "ನೋಡಿದ್ಯಾ?" ಅಂದಳು ಅಕ್ಕ. ಅವಳು ಎಣಿಸಲು ಕೂರದಿದ್ದರೆ ಲೆಕ್ಕ ಕೊರೆಯಾಗುತ್ತಿರಲಿಲ್ಲ, ಪೊಟ್ಟಣ ಕೈಗೆ ಬರುತ್ತಿರಲಿಲ್ಲ, ಹಡಗೂ ಹೊರಡುತ್ತಿರಲಿಲ್ಲ. ಇಷ್ಟು ಸಲ ಓದಿದರೂ ಈ ಗಂಟು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಮ್ಮ ಕೇಳುತ್ತಾ ಕೇಳುತ್ತಾ ಅವರೆಕಾಳು ಸುಲಿಯುತ್ತಾರೆ, ಕಾಳಿಲ್ಲದಿದ್ದರೆ ಹುಣಸೆಹಣ್ಣು ಬಿಡಿಸುತ್ತಾರೆ. ಅವರದು ಎರಡೇ ತೀರ್ಪು. ಒಂದು ಬೆನ್ ಗನ್ ಬಗ್ಗೆ. ಮೂರು ವರ್ಷ ದ್ವೀಪದಲ್ಲಿ ಮೇಕೆ, ಕಾಡುಹಣ್ಣು, ಸಿಂಪಿ ತಿಂದು ಬದುಕಿದವನು ಜಿಮ್‌ನನ್ನು ಕಂಡ ಕೂಡಲೇ ಕೇಳುವುದು, ನಿನ್ನ ಹತ್ತಿರ ಒಂದು ಚೂರು ಚೀಸ್ ಇದೆಯಾ ಅಂತ. ರಾತ್ರಿ ಕನಸಲ್ಲೂ ಅವನಿಗೆ ಚೀಸೇ ಬರುತ್ತದಂತೆ. ಚೀಸ್ ಅಂದರೇನು ಅಂತ ವಿವರಿಸಲು ಹೊರಟೆ. ಅಮ್ಮ ಬಿಡಲಿಲ್ಲ. "ಗೊತ್ತಾಯ್ತು ಬಿಡು. ಮುದ್ದೆ ಬಸ್ಸಾರು ಇಲ್ದೆ ಮೂರು ವರ್ಷ ಇದ್ದಂಗೆ" ಅಂದರು.

ಇನ್ನೊಂದು, ಕರಿಚುಕ್ಕೆಯ ಪ್ರಸಂಗ. ನಾಯಕನನ್ನು ಇಳಿಸಬೇಕಾದರೆ ಕಡಲುಗಳ್ಳರು ಒಂದು ಕಾಗದಕ್ಕೆ ಮಸಿ ಬಳಿದು ಕೈಗೆ ಕೊಡುತ್ತಾರೆ. ದ್ವೀಪದಲ್ಲಿ ಕಾಗದ ಎಲ್ಲಿಂದ ಬರಬೇಕು? ಡಿಕ್ ಎಂಬ ಹುಡುಗನ ಬೈಬಲ್‌ನ ಹಾಳೆಯನ್ನೇ ಕತ್ತರಿಸುತ್ತಾರೆ. ಅಮ್ಮನ ಕೈ ನಿಂತಿತು. "ದೇವರ ಪುಸ್ತಕ ಹರಿದ್ರಾ? ಆ ಹುಡುಗನಿಗೆ ಒಳ್ಳೇದಾಗಲ್ಲ." ಕಥೆ ಇನ್ನೂ ಐದು ಅಧ್ಯಾಯ ಇತ್ತು. ಮುಂದೆ ಡಿಕ್‌ಗೆ ಜ್ವರ ಹತ್ತುತ್ತದೆ, ಕೊನೆಗೆ ಅವನನ್ನೂ ಇನ್ನಿಬ್ಬರನ್ನೂ ದ್ವೀಪದಲ್ಲೇ ಬಿಟ್ಟು ಹಡಗು ಹೊರಡುತ್ತದೆ. ಅಮ್ಮ ಏನೂ ಹೇಳಲಿಲ್ಲ, ಹುಣಸೆ ಬೀಜವೊಂದನ್ನು ತಟ್ಟೆಗೆ ಟಣ್ ಅಂತ ಹಾಕಿದರು ಅಷ್ಟೇ.

ಸೊಸೆ ಮಾತ್ರ ನಿಜವಾದ ಅರ್ಥದಲ್ಲಿ ವಿಮರ್ಶಕಿ. ಅವಳಿಗೆ ಯಾವುದೂ ಸಲೀಸಾಗಿ ಹಿಡಿಸುವುದಿಲ್ಲ. ಜಿಮ್ ಪ್ರತಿ ಸಲ ಹೇಳದೆ ಕೇಳದೆ ಓಡಿಹೋಗುತ್ತಾನೆ, ಪ್ರತಿ ಸಲವೂ ಅದರಿಂದಲೇ ಎಲ್ಲರೂ ಬದುಕುತ್ತಾರೆ, ಇದು ಮೋಸ ಅಂದಳು. "ನಾನು ಹಂಗೆ ಓಡಿದ್ರೆ ಅಮ್ಮ ಕಾಲು ಮುರೀತಾಳೆ." 16ನೇ ಅಧ್ಯಾಯ ಬಂದಾಗ ಇನ್ನೊಂದು ತಕರಾರು. ಅಲ್ಲಿಯವರೆಗೆ ನಾನು ನಾನು ಅಂತ ಹೇಳುತ್ತಿದ್ದವನು ಜಿಮ್. ಇದ್ದಕ್ಕಿದ್ದಂತೆ ಡಾಕ್ಟರ್ ಲಿವ್ಸಿ ಕಥೆ ಹೇಳಲು ಶುರು ಮಾಡುತ್ತಾರೆ, ಮೂರು ಅಧ್ಯಾಯ ಅವರದ್ದೇ. "ಮಾಮ, ಬರೆದವರಿಗೆ ಬೋರ್ ಬಂತಾ?" ಅಂದಳು.

ನನಗೆ ನಗು ಬಂತು. ಯಾಕೆಂದರೆ ಸ್ಟೀವನ್ಸನ್ ಅವರೇ ಬರೆದುಕೊಂಡಿದ್ದಾರೆ, ದಿನಕ್ಕೊಂದರಂತೆ ಹದಿನೈದು ದಿನ ಹದಿನೈದು ಅಧ್ಯಾಯ ಬರೆದೆ, ಹದಿನಾರನೆಯದರ ಶುರುವಿನಲ್ಲೇ ಕೈ ಸೋತಿತು ಅಂತ. ಚಳಿಗಾಲಕ್ಕೆ ಸ್ವಿಟ್ಜರ್ಲೆಂಡಿನ ದಾವೋಸಿಗೆ ಹೋದ ಮೇಲೆ ಅದು ಮತ್ತೆ ಹರಿದು ಮುಗಿಯಿತು. ಕೈ ಸೋತಿದ್ದಕ್ಕೇ ಡಾಕ್ಟರನ್ನು ಕರೆತಂದರು ಅಂತ ನಾನು ಹೇಳುತ್ತಿಲ್ಲ. ಆದರೆ ಒಂಬತ್ತನೇ ಕ್ಲಾಸಿನ ಹುಡುಗಿ ಸರಿಯಾಗಿ ಆ ಹೊಲಿಗೆಯ ಮೇಲೇ ಬೆರಳಿಟ್ಟಳು.

ಹಳೇ ಕಾಲದ ಓದುಗರ ಅಭಿಪ್ರಾಯಗಳೂ ತಮಾಷೆಯಾಗಿವೆ. ಇದು ಮೊದಲು ಬಂದಿದ್ದು 1881ರ ಅಕ್ಟೋಬರಿನಿಂದ 'ಯಂಗ್ ಫೋಕ್ಸ್' ಎಂಬ ಮಕ್ಕಳ ಪತ್ರಿಕೆಯಲ್ಲಿ, ಧಾರಾವಾಹಿಯಾಗಿ. ಅದೂ ಕ್ಯಾಪ್ಟನ್ ಜಾರ್ಜ್ ನಾರ್ತ್ ಎಂಬ ಸುಳ್ಳು ಹೆಸರಿನಲ್ಲಿ. ಆ ಪತ್ರಿಕೆಯ ಹುಡುಗರು ಅಷ್ಟೇನೂ ಮೆಚ್ಚಲಿಲ್ಲವಂತೆ. 1883ರಲ್ಲಿ ಪುಸ್ತಕವಾದಾಗ ದೊಡ್ಡವರು ಮುಗಿಬಿದ್ದರು. ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ರಾತ್ರಿ ಎರಡರವರೆಗೆ ಎದ್ದು ಕೂತು ಓದಿದರು ಅಂತ ಒಂದು ಮಾತಿದೆ. ಹುಡುಗರಿಗೆ ಬರೆದದ್ದನ್ನು ಅಪ್ಪಂದಿರು ಓದಿದರು.

ಕಾದಂಬರಿಕಾರ ಹೆನ್ರಿ ಜೇಮ್ಸ್ 1884ರ ಒಂದು ಲೇಖನದಲ್ಲಿ ಈ ಪುಸ್ತಕವನ್ನು ಹೊಗಳಿದರು. ಜೊತೆಗೇ, ನಾನು ಮಗುವಾಗಿದ್ದವನು ಹೌದು, ನಿಧಿ ಹುಡುಕಲು ಮಾತ್ರ ಯಾವತ್ತೂ ಹೋದವನಲ್ಲ ಅಂತ ಒಂದು ಕೊಕ್ಕೆ ಇಟ್ಟರು. ಸ್ಟೀವನ್ಸನ್ ಸುಮ್ಮನಿರುತ್ತಾರಾ? ಅದೇ ವರ್ಷ ಉತ್ತರ ಬರೆದರು. ನಿಧಿ ಹುಡುಕಲು ಹೋಗಿಲ್ಲ ಅಂದರೆ ಅವರು ಮಗುವೇ ಆಗಿರಲಿಲ್ಲ ಅಂತ ಅರ್ಥ ಅಂದರು. ಆಮೇಲೆ ಇಬ್ಬರೂ ಗೆಳೆಯರಾದರು.

ಈ ಜಗಳವನ್ನು ಓದಿದಾಗಲೆಲ್ಲ ನನಗೆ ನಮ್ಮೂರ ಗುಡಿಯ ಹಿಂದಿನ ಗುಂಡಿ ನೆನಪಾಗುತ್ತದೆ. ನಾನು ಐದನೇ ಕ್ಲಾಸಿನಲ್ಲಿದ್ದೆ. ಅಮಾವಾಸ್ಯೆಯ ಮಾರನೆ ಬೆಳಿಗ್ಗೆ ಊರೆಲ್ಲ ಗುಡಿಯ ಕಡೆ ಓಡಿತು. ನಾವೂ ಓಡಿದೆವು. ಗುಡಿಯ ಹಿಂದೆ ಇದ್ದ ವೀರಗಲ್ಲನ್ನು ಮಗುಚಿ ಹಾಕಿದ್ದರು. ಅದಿದ್ದ ಜಾಗದಲ್ಲಿ ಆಳುದ್ದದ ಗುಂಡಿ. ಸುತ್ತ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ, ಒಂದು ರಾಶಿ ಬೀಡಿ ತುಂಡು. ನಿಧಿಗಳ್ಳರು. ನಮ್ಮ ಕಡೆ ಹಳೇ ಗುಡಿ, ಹಳೇ ಕಲ್ಲು ಇರುವ ಊರುಗಳಿಗೆ ಇದು ಹೊಸದಲ್ಲ. ದೊಡ್ಡವರು ಕಲ್ಲನ್ನು ನೋಡಿ ಅಯ್ಯೋ ಅಂದರು. ನಾವು ಹುಡುಗರು ಮಾತ್ರ ಗುಂಡಿಯನ್ನೇ ನೋಡುತ್ತಿದ್ದೆವು. ಏನು ಸಿಕ್ಕಿರಬಹುದು? ಏನೂ ಸಿಕ್ಕಿರಲಿಕ್ಕಿಲ್ಲ. ಆ ವೀರಗಲ್ಲಿನ ಒಂದು ಮೂಲೆ ಈಗಲೂ ಮುಕ್ಕಾಗಿಯೇ ಇದೆ. ಹೆನ್ರಿ ಜೇಮ್ಸ್ ನಮ್ಮೂರಲ್ಲಿ ಹುಟ್ಟಿದ್ದರೆ ಆ ಮಾತು ಬರೆಯುತ್ತಿರಲಿಲ್ಲ.

ಹಾಗಾಗಿ ನಮ್ಮ ಮಹಡಿಯಲ್ಲಿ ನಿಧಿಯ ಭಾಗ ಬಂದಾಗ ಎಲ್ಲರೂ ಪಂಡಿತರೇ. ನಕ್ಷೆ ಹಿಡಿದು ಹೋಗುವ ದಾರಿಯಲ್ಲಿ ಒಂದು ಅಸ್ಥಿಪಂಜರ ಸಿಗುತ್ತದೆ. ಕೈ ಎರಡೂ ತಲೆಯ ಮೇಲಕ್ಕೆ ಚಾಚಿ, ದಿಕ್ಕು ತೋರಿಸುವ ಹಾಗೆ ಮಲಗಿಸಿದ್ದಾರೆ. "ಬಲಿ" ಅಂದರು ಅಮ್ಮ. "ಹಾವೆಲ್ಲಿ ಅಣ್ಣ? ನಿಧಿ ಅಂದ್ಮೇಲೆ ಕಾಯೋಕೆ ಹಾವಿರ್ಬೇಕಲ್ಲ?" ಅಂದ ಹುಡುಗ. ಸೊಸೆ ಕಾನೂನು ಕೇಳಿದಳು. ಸಿಕ್ಕರೆ ಅದು ಯಾರದು ಅಂತ. ನಮ್ಮಲ್ಲಾದರೆ ಅದಕ್ಕೆ 1878ರ ಕಾಯ್ದೆಯೇ ಇತ್ತು, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ. ಆಮೇಲೆ 1962ರಲ್ಲಿ ನಮ್ಮ ರಾಜ್ಯದ್ದೇ ಕಾಯ್ದೆ ಬಂತು. ಕಥೆಯಲ್ಲಿ ಯಾರೂ ಈ ಪ್ರಶ್ನೆ ಕೇಳುವುದೇ ಇಲ್ಲ. ಫ್ಲಿಂಟ್ ಯಾರಿಂದ ಕಿತ್ತುಕೊಂಡ, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಅಂತ ಜಮೀನ್ದಾರನಿಗೂ ಅನಿಸುವುದಿಲ್ಲ, ಡಾಕ್ಟರಿಗೂ ಅನಿಸುವುದಿಲ್ಲ.

ಆ ರಾತ್ರಿಯೇ ನಾವು 33ನೇ ಅಧ್ಯಾಯಕ್ಕೆ ಬಂದೆವು. ಕಡಲುಗಳ್ಳರು ಓಡೋಡಿ ಬಂದು ನಿಲ್ಲುತ್ತಾರೆ. ಎದುರಿಗೆ ದೊಡ್ಡ ಗುಂಡಿ. ಅಗೆದು ಬಹಳ ದಿನವಾಗಿದೆ, ತಳದಲ್ಲಿ ಹುಲ್ಲು ಚಿಗುರಿದೆ. ಒಳಗೆ ಒಡೆದ ಪೆಟ್ಟಿಗೆಗಳ ಹಲಗೆ, ಎರಡು ತುಂಡಾದ ಒಂದು ಪಿಕಾಸಿ ಕಾವು. ಅಷ್ಟೇ. ಹುಡುಕಾಡಿದರೆ ಒಂದೇ ಒಂದು ನಾಣ್ಯ. ನಿಧಿ ಹೋಗಿದೆ.

"ಯಾರು ಅಗೆದ್ರು?"

ದನಿ ಬಂದಿದ್ದು ಮಂಚದಿಂದ. ದೊಡ್ಡಪ್ಪ ಈ ಕಡೆ ತಿರುಗಿದ್ದರು. ಹದಿನೈದು ದಿನದಿಂದ ಅವರು ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ ಅಂತ ನಮಗೆ ಗೊತ್ತಾಗಿದ್ದು ಆಗಲೇ.

ಬೆನ್ ಗನ್ ಅಂದೆ. ಇವರು ಬರುವ ಮೊದಲೇ ಅವನಿಗೆ ಸಿಕ್ಕಿತ್ತು. ಒಬ್ಬನೇ ಅಗೆದ, ಒಬ್ಬನೇ ಬೆನ್ನ ಮೇಲೆ ಹೊತ್ತು ದ್ವೀಪದ ಇನ್ನೊಂದು ತುದಿಯ ಗುಹೆಗೆ ಸಾಗಿಸಿದ, ಎಷ್ಟೋ ಸಲ ಓಡಾಡಿ.

"ಎಷ್ಟು ಪುಟ ಬರೆದವ್ರೆ ಅದನ್ನ?"

ಫೋನಿನಲ್ಲಿ ಹಿಂದೆ ಮುಂದೆ ನೋಡಿದೆ. ಪುಟ ಎಲ್ಲಿ, ಒಂದು ವಾಕ್ಯ. ಡಾಕ್ಟರು ನಡೆದುಕೊಂಡು ಹೋಗುತ್ತಾ ಜಿಮ್‌ಗೆ ಹೇಳುವ ಒಂದು ವಾಕ್ಯ.

"ಒಂದು ವಾಕ್ಯ" ಅಂದರು ದೊಡ್ಡಪ್ಪ. ಎದ್ದು ಕೂತರು. ಕೆಮ್ಮಿದರು. ಆ ಕೆಮ್ಮು ಶುರುವಾದರೆ ನಾವು ಕಾಯುತ್ತೇವೆ. "ಇಷ್ಟು ದಿನ ಅವ್ನು ಇವ್ನಿಗೆ ಹೊಡ್ದ, ಇವ್ನು ಅವ್ನಿಗೆ ಹೊಡ್ದ ಅಂತ ಹೇಳ್ದೆ. ಇಡೀ ಕಥೆಯಲ್ಲಿ ಒಬ್ನೂ ಅಗೆಯೋದು ನಾನು ಕೇಳಲಿಲ್ಲ. ಕಾವು ಸುಮ್ನೆ ಮುರೀತದಾ? ಕೆಳಗೆ ಕಲ್ಲು ಸಿಕ್ಕಿರ್ತದೆ. ಕಾವು ಮುರಿದ್ಮೇಲೆ ಅವ್ನು ಏನ್ಮಾಡ್ದ? ಕೈಲೇ ತೋಡಿದ್ನಾ? ಅದನ್ನ ಬರೀಬೇಕಿತ್ತು."

ನಾನು ಈ ಪುಸ್ತಕವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆ ಕಾವು ನನಗೆ ಬರೀ ಸುಳಿವು. ಯಾರೋ ಮೊದಲೇ ಬಂದಿದ್ದರು ಅಂತ ತಿಳಿಸಲು ಲೇಖಕರು ಇಟ್ಟ ಒಂದು ಸಾಮಾನು. ಅದನ್ನು ಹಿಡಿದ ಕೈ ಇದ್ದಿರಬಹುದು ಅಂತ ಹೊಳೆದಿರಲಿಲ್ಲ. ಚಿನ್ನದ ಗಣಿಯ ನೆಲದಲ್ಲೇ ಬೆಳೆದವನು ನಾನು.

ಆ ರಾತ್ರಿ ಕಥೆ ಅಲ್ಲಿಗೇ ನಿಂತಿತು. ದೊಡ್ಡಪ್ಪ ಗಣಿಯ ಬಗ್ಗೆ ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ಅವತ್ತು ಮಾತಾಡಿದರು. ಗಣಿಯೊಳಗೆ ಇಳಿಸುವ ಲಿಫ್ಟು, ಕೇಜಿನಲ್ಲಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದು. ಕೆಳಗೆ ಹೋದ ಹಾಗೆಲ್ಲ ಗೋಡೆಯೇ ಬೆಚ್ಚಗೆ ಉಸಿರು ಬಿಟ್ಟ ಹಾಗಾಗುವುದು. ಚಾಂಪಿಯನ್ ರೀಫ್ ಕಡೆ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗುತ್ತಿದ್ದವು. ಪಾತ್ರೆ ಅಲುಗಿದರೆ ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಒಂದು ಟನ್ ಕಲ್ಲು ಒಡೆದು ಪುಡಿ ಮಾಡಿದರೆ ಸಿಗುತ್ತಿದ್ದದ್ದು ಕೊನೆಕೊನೆಗೆ ಕೆಲವೇ ಗ್ರಾಮ್ ಬಂಗಾರ. "ನಾನು ಬಂಗಾರ ಅಂತ ನೋಡಿದ್ದು ನಿಮ್ಮ ದೊಡ್ಡಮ್ಮನ ತಾಳಿಲೇ. ಕೆಳಗೆ ಬರೀ ಕಲ್ಲು" ಅಂದರು.

ನಾನು ಸೊಸೆಗೆ ಇಲ್ಲಿನ ಹಳೇ ಕಥೆ ಹೇಳಿದೆ. 1802ರಲ್ಲಿ ಗಡಿ ಸರ್ವೆಗೆ ಬಂದ ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿಗೆ ಇಲ್ಲಿ ಚಿನ್ನ ಇದೆ ಅಂತ ಕಿವಿಗೆ ಬಿತ್ತು. ಬಂಗಾರ ತೋರಿಸಿದವರಿಗೆ ಬಹುಮಾನ ಅಂದನಂತೆ. ಹಳ್ಳಿಯವರು ಎತ್ತಿನಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಎದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಅವನು ಬರೆದದ್ದನ್ನು ಸುಮಾರು ಎಪ್ಪತ್ತು ವರ್ಷದ ನಂತರ ಓದಿ ಲವೆಲ್ ಎಂಬ ಐರಿಷ್ ಸಿಪಾಯಿ ಬೆಂಗಳೂರಿನಿಂದ ಗಾಡಿ ಕಟ್ಟಿಸಿಕೊಂಡು ಬಂದ. 1875ರಲ್ಲಿ ಅವನಿಗೆ ಪರವಾನಗಿ ಸಿಕ್ಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಮರುವರ್ಷವೇ ಅಲ್ಲಿ ಸ್ಕಾಟ್ಲೆಂಡಿನಲ್ಲಿ ಸ್ಟೀವನ್ಸನ್ ನಕ್ಷೆ ಬಿಡಿಸುತ್ತಾ ಕೂತಿದ್ದು. ದೊಡ್ಡಪ್ಪ ಕೇಳಿಸಿಕೊಂಡು, "ಲವೆಲ್ ಹೆಸರಲ್ಲಿ ಬೆಂಗಳೂರಲ್ಲಿ ರಸ್ತೆ ಐತೆ. ಮಣ್ಣು ತೊಳ್ದೋರ ಹೆಸರಲ್ಲಿ ಏನೈತೆ?" ಅಂದರು. ಯಾರೂ ಉತ್ತರ ಹೇಳಲಿಲ್ಲ.

ಮಾರನೆ ರಾತ್ರಿ ಕೊನೆಯ ಅಧ್ಯಾಯ. ದೊಡ್ಡಪ್ಪ ಮಂಚ ಬಿಟ್ಟು ಚಾಪೆಗೆ ಬಂದಿದ್ದರು. ಗುಹೆಯಲ್ಲಿದ್ದ ಏಳು ಲಕ್ಷ ಪೌಂಡು ಬೆಲೆಯ ನಿಧಿಯನ್ನು ಹಡಗಿಗೆ ಸಾಗಿಸುತ್ತಾರೆ. ಜಿಮ್‌ಗೆ ನಾಣ್ಯ ಚೀಲಕ್ಕೆ ತುಂಬುವ ಕೆಲಸ. ದೋಣಿಯಲ್ಲಿ ಹೇರಿಕೊಂಡು ಹೋಗಿ ಬರುವವರು ಇಬ್ಬರು.

"ಯಾರ್ಯಾರು?"

ಗ್ರೇ ಅಂತ ಒಬ್ಬ ಆಳು. ಇನ್ನೊಬ್ಬ ಬೆನ್ ಗನ್.

"ಮತ್ತೆ ಅವ್ನೇನಾ!"

ಸಿಲ್ವರ್ ದಾರಿಯಲ್ಲಿ ಒಂದು ಚೀಲ ಹೊಡೆದುಕೊಂಡು ಪರಾರಿ. ನನ್ನ ಹೀರೋ ಅಂತ ನಾನು ಇಲ್ಲಿ ಸ್ವಲ್ಪ ರಾಗ ಎಳೆದೆ. ದೊಡ್ಡಪ್ಪ ಕೈ ಒದರಿದರು. "ಗೊತ್ತು ಬಿಡೋ ಅಂಥೋರು. ಇರೋದು ಒಂದೇ ಕಾಲು, ಇಟ್ಟಿದ್ದು ಎರಡು ದೋಣಿ ಮೇಲೆ." ಅಕ್ಕ ನಕ್ಕ ನಗೆಗೆ ಕೆಳಗಿನ ಮನೆಯವರು ದೀಪ ಹಾಕಿದರು. ಮೂವತ್ತು ವರ್ಷ ನಾನು ಸಿಲ್ವರ್ ಬಗ್ಗೆ ಹೇಳಿದ್ದೆಲ್ಲ ಈ ಒಂದು ಮಾತಿನ ಮುಂದೆ ಸಪ್ಪೆ.

"ಆ ಅಗೆದೋನಿಗೆ ಎಷ್ಟು ಕೊಟ್ರು?"

ಸಾವಿರ ಪೌಂಡು. ಸೊಸೆ ಬಾಯಲ್ಲೇ ಲೆಕ್ಕ ಹಾಕಿದಳು. "ಏಳ್ನೂರಕ್ಕೆ ಒಂದು ಪಾಲು." ಅದನ್ನೂ ಅವನು ಹತ್ತೊಂಬತ್ತೇ ದಿನದಲ್ಲಿ ಕಳೆದು, ಇಪ್ಪತ್ತನೇ ದಿನ ಬೇಡುತ್ತಾ ಬಂದು ನಿಂತ ಅಂತ ಪುಸ್ತಕದಲ್ಲಿದೆ. ನಾನು ಚಿಕ್ಕವನಿದ್ದಾಗ ಇದಕ್ಕೆ ನಕ್ಕಿದ್ದೆ. ನಗಲಿ ಅಂತಲೇ ಬರೆದದ್ದು ಕೂಡ. ಮಹಡಿಯಲ್ಲಿ ಯಾರೂ ನಗಲಿಲ್ಲ.

"ಆಮೇಲೆ?" ಅಂದರು ದೊಡ್ಡಪ್ಪ.

ಇಲ್ಲಿ ನಾನು ಒಂದು ಗಳಿಗೆ ತಡೆದೆ. ಇಂಗ್ಲಿಷಿನಲ್ಲಿ ಇರುವುದು ದೊಡ್ಡ ಬಂಗಲೆಯ ಗೇಟಿನ ಹತ್ತಿರದ ಸಣ್ಣ ಮನೆ ಕಾಯುವ ಕೆಲಸ. ಕನ್ನಡದಲ್ಲಿ ಅದಕ್ಕೆ ಒಂದೇ ಪದ. ಗಣಿ ಮುಚ್ಚಿದ ಮೇಲೆ ದೊಡ್ಡಪ್ಪ ನಾನು ಈಗ ಹೋಗುವ ಅದೇ ರೈಲು ಹತ್ತಿ ಹನ್ನೊಂದು ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಮಾಡಿದ ಕೆಲಸ.

"ವಾಚ್‌ಮನ್ ಮಾಡಿದ್ರು, ದೊಡ್ಡಪ್ಪ" ಅಂದೆ.

ಅವರು ಹೂಂ ಅಂದರು. ಬೇಜಾರಾಯಿತಾ ಅಂತ ಕತ್ತಲಲ್ಲಿ ಗೊತ್ತಾಗಲಿಲ್ಲ. ನಾನು ಅವಸರದಲ್ಲಿ, ಊರಿನ ಹುಡುಗರಿಗೆಲ್ಲ ಅವನನ್ನು ಕಂಡರೆ ಇಷ್ಟವಂತೆ, ಭಾನುವಾರ ಚರ್ಚಿನಲ್ಲಿ ಚೆನ್ನಾಗಿ ಹಾಡುತ್ತಿದ್ದನಂತೆ ಅಂತ ಸೇರಿಸಿದೆ. ಅದೂ ಪುಸ್ತಕದಲ್ಲಿ ಇರುವುದೇ. ದೊಡ್ಡಪ್ಪ ಪ್ರತಿ ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆಗೆ ಹೋಗುವವರು. "ಓಹೋ, ಅದೂನಾ!" ಅಂತ ಈಗ ಅವರೇ ನಕ್ಕರು.

ಕೊನೆಗೆ ಇನ್ನೊಂದು ಸಾಲು ಉಳಿದಿತ್ತು. ಫ್ಲಿಂಟ್ ಬೇರೆ ಕಡೆ ಹೂತಿಟ್ಟ ಬೆಳ್ಳಿಯ ಗಟ್ಟಿಗಳು ಇನ್ನೂ ಆ ದ್ವೀಪದಲ್ಲೇ ಇವೆ, ಇರಲಿ, ನನ್ನನ್ನು ಎತ್ತು ಕಟ್ಟಿ ಎಳೆದರೂ ಮತ್ತೆ ಅಲ್ಲಿಗೆ ಹೋಗುವುದಿಲ್ಲ ಅಂತ ಜಿಮ್ ಹೇಳುತ್ತಾನೆ. "ಇಲ್ಲೂ ಕೆಳಗೆ ಇನ್ನೂ ಐತೆ" ಅಂದರು ದೊಡ್ಡಪ್ಪ. ಹೋಗ್ತೀರಾ ತಾತ ಅಂತ ಸೊಸೆ ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಅವಳೂ ಬಿಡಲಿಲ್ಲ. ಸ್ಟೀವನ್ಸನ್ ಮೊದಲು ನಕ್ಷೆ ಬಿಡಿಸಿದ್ದು, ಆಮೇಲೆ ಕಥೆ ಬರೆದದ್ದು ಅಂತ ನಾನು ಹೇಳಿದ್ದು ಅವಳ ತಲೆಯಲ್ಲಿತ್ತು. "ತಾತ, ನಿಮ್ಮ ಗಣಿದು ನಕ್ಷೆ ಬರೀರಿ" ಅಂತ ಕೆಳಗೆ ಓಡಿ ಸ್ಕೆಚ್ ಪೆನ್ನೂ ಕೈಗೆ ಸಿಕ್ಕಿದ ಒಂದು ಕಾಗದವೂ ತಂದಳು.

ಮೊಬೈಲ್ ಟಾರ್ಚಿನ ಬೆಳಕಲ್ಲಿ ದೊಡ್ಡಪ್ಪ ಬರೆದರು. ದ್ವೀಪದ ನಕ್ಷೆಯ ಹಾಗೆ ಅಗಲಕ್ಕಲ್ಲ. ಮೇಲಿನಿಂದ ಕೆಳಕ್ಕೆ ಒಂದೇ ಉದ್ದ ಗೆರೆ. ಅದಕ್ಕೆ ಅಡ್ಡಡ್ಡ ಸಣ್ಣ ಗೆರೆಗಳು, ಏಣಿಯ ಹಾಗೆ. ಪ್ರತಿ ಗೆರೆಗೂ ಅವರಿಗೆ ನಂಬರ್ ನೆನಪಿತ್ತು. ಕಾಗದದ ತಳ ಮುಟ್ಟಿದ ಮೇಲೂ ಕೈ ಚಾಪೆಯ ಮೇಲೆ ಇನ್ನೂ ಒಂದು ಗೇಣು ಇಳಿಯಿತು.

"ನಿಧಿಗೆ ಎಕ್ಸ್ ಎಲ್ಲಿ ಹಾಕ್ಲಿ ತಾತ?" ಸೊಸೆ ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

ದೊಡ್ಡಪ್ಪ ಯೋಚಿಸಿದರು. ಅಡ್ಡಗೆರೆಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ಪೆನ್ನು ಇಸಿದುಕೊಂಡು ಗೆರೆಗಳನ್ನೆಲ್ಲ ಬಿಟ್ಟು, ಕಾಗದದ ನೆತ್ತಿಯಲ್ಲಿ, ನೆಲದ ಮೇಲೆ, ಒಂದು ಪುಟ್ಟ ಚೌಕ ಬರೆದು ಅದರ ಮೇಲೆ ಎಕ್ಸ್ ಹಾಕಿದರು.

"ಇದೇನು?"

"ಸಂಬಳದ ಕಿಟಕಿ."

ಬೆಳಿಗ್ಗೆ ನಾನು ರೈಲಿಗೆ ಹೊರಡುವ ಹೊತ್ತಿಗೆ ಅಮ್ಮ ಮನೆಯೆಲ್ಲ ಹುಡುಕುತ್ತಿದ್ದರು. ಗುರುವಾರದ ಮದುವೆಯ ಕಾರ್ಡು ಕಾಣುತ್ತಿಲ್ಲ, ಛತ್ರ ಯಾವುದು ಅಂತ ಗೊತ್ತಿಲ್ಲ, ಯಾರು ತೆಗೆದ್ರಿ ಅಂತ ಗಲಾಟೆ. ಛತ್ರದ ಹೆಸರು ಗಣಿಯ ಹಿಂದುಗಡೆ ಇದೆ ಅಂತ ಹೇಳಿ ನಾನು ಸೈಕಲ್ ಹತ್ತಿದೆ.